ಉಚ್ಚೆಂಗೆಪ್ಪನ ಹಾಜರಿ

ಸಿರುಗುಪ್ಪದ ಆ ಅಕ್ಕಿ ಗಿರಣಿಯಲ್ಲಿ ನುಚ್ಚು ಕೇರುವ ಹೆಂಗಸರ ನಡುವೆ ಒಂದು ನಿಯಮವಿತ್ತು. ಯಾರನ್ನು ಏನು ಬೇಕಾದರೂ ಕೇಳಬಹುದು, ಸುಂಕಲಮ್ಮನನ್ನು ಮಾತ್ರ ಗಂಡನ ಸುದ್ದಿ ಕೇಳಬಾರದು. ಕೇಳಿದರೆ ಆಕೆಗೆ ಸಿಟ್ಟೇನೂ ಬರುತ್ತಿರಲಿಲ್ಲ. “ಕೆಲಸಕ್ಕ ಹೋಗ್ಯಾರ” ಎನ್ನುತ್ತಿದ್ದಳು, ಬೆಳಿಗ್ಗೆ ತಾನೇ ಬುತ್ತಿ ಕಟ್ಟಿ ಕಳಿಸಿ ಬಂದವಳ ಹಾಗೆ. ಅವನು ಹೋಗಿ ಹದಿಮೂರು ವರ್ಷವಾಗಿತ್ತು. ಕೇಳಿದವರಿಗೇ ಆಮೇಲೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅದಕ್ಕೇ ಆ ನಿಯಮ.

ಸುಂಕಲಮ್ಮ ಹುಟ್ಟಿದ್ದು ಕುರುಗೋಡಿನ ಗುಡ್ಡದ ಬುಡದಲ್ಲಿ. ಹತ್ತೊಂಬತ್ತಕ್ಕೆ ಮದುವೆ. ಗಂಡ ಉಚ್ಚೆಂಗೆಪ್ಪ ಕೆಂಚನಗುಡ್ಡದ ಆಚೆ, ಹೊಳೆದಂಡೆಯ ಒಂದು ಹಳ್ಳಿಯವನು. ಹಳ್ಳಿಯ ಹೆಸರು ಬೇಡ ಬಿಡಿ, ಅಲ್ಲಿನ ಪಂಚಾಯ್ತಿಯವರಿಗೆ ಈಗಾಗಲೇ ಸಾಕಷ್ಟು ಸಿಟ್ಟಿದೆ. ಮನೆ ತುಂಬಿಸಿಕೊಳ್ಳುವ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಎಂದು ಹಟ ಹಿಡಿದಾಗ ಆಕೆ ತಾನೇ ಕಟ್ಟಿದ ಒಡಪು ಹಾಕಿದ್ದಳು: “ಗುಡ್ಡದ ಮ್ಯಾಗ ಗುಂಡು, ಗುಂಡಿನ ಮ್ಯಾಗ ದೀಪ, ಉಚ್ಚೆಂಗೆಪ್ಪ ಮನಿಗಿ ಬಂದ್ರ ಇಳೀತೈತಿ ನನ್ನ ಕೋಪ.” ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಯಾಕೆಂದರೆ ಹುಡುಗಿಯ ಕೋಪದ ಸುದ್ದಿ ಹುಡುಗಿಗಿಂತ ಮೊದಲೇ ಊರು ಸೇರಿತ್ತು. ಗಂಡನ ಹೆಸರು ಆಕೆಯ ಬಾಯಲ್ಲಿ ಬಂದದ್ದು ಅದೊಂದೇ ಸಲ. ಆಮೇಲೆಲ್ಲ ‘ಇವ್ರು’, ‘ನಮ್ಮನಿಯವ್ರು’, ಮಗಳು ಹುಟ್ಟಿದ ಮೇಲೆ ‘ಜಯಶ್ರೀ ಅಪ್ಪ’. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ತಾಯಿ ಹೇಳಿಕೊಟ್ಟಿದ್ದಳು. ಸುಂಕಲಮ್ಮ ಅದನ್ನು ನಂಬಿದ್ದಳು.

ಬಳ್ಳಾರಿಯಲ್ಲಿ ಕೆಮ್ಮಣ್ಣಿಗೆ ಬಂಗಾರದ ಬೆಲೆ ಬಂದ ಕಾಲದಲ್ಲಿ ಗಂಡ ಹೆಂಡತಿ ಸಂಗನಕಲ್ಲು ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡಿದರು. ಅದಿರು ಗುಡ್ಡೆ ಹಾಕುವ ಯಾರ್ಡಿನಲ್ಲಿ ಅವನು ಹೆಂಟೆ ಒಡೆದು ಜಲ್ಲಡಿ ಹಿಡಿಯುವವನು, ಆಕೆ ಬುಟ್ಟಿ ಹೊರುವವಳು. ಅರಿವೆ ಒಗೆದರೆ ನೀರು ಕೆಂಪು, ಕೆಮ್ಮಿದರೆ ಉಗುಳು ಕೆಂಪು. ಯಂತ್ರದ ಪಕ್ಕ ನಿಂತೂ ನಿಂತೂ ಉಚ್ಚೆಂಗೆಪ್ಪನ ಬಲಗಿವಿ ಹೋಯಿತು. ಅಂದಿನಿಂದ ತಲೆಗೆ ಟವೆಲ್ ಸುತ್ತುವಾಗ ಎಡಗಿವಿಯೊಂದನ್ನು ಹೊರಗೆ ಬಿಡುತ್ತಿದ್ದ, ಲಾರಿ ಹಿಂದಕ್ಕೆ ಬಂದರೆ ಕೇಳಲಿ ಎಂದು. “ಹೆಂಡ್ತಿ ಬಯ್ಯೋದಿದ್ರ ಬಲಗಡಿಂದ ಬಯ್ಲಿ” ಎಂದು ಯಾರ್ಡಿನವರನ್ನು ನಗಿಸುತ್ತಿದ್ದ.

ಆಮೇಲೆ ತನಿಖೆ ಬಂತು. ಯಾರು ಎಷ್ಟು ಗುಡ್ಡ ನುಂಗಿದರು, ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು ಎಂಬುದನ್ನೆಲ್ಲ ಹೇಳಲು ಟಿವಿಯವರಿದ್ದಾರೆ, ಇಲ್ಲಿ ಅದು ಬೇಡ. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ಇಲ್ಲಿ ಉಪ್ಪು ತಿಂದವರಲ್ಲಿ ಎಷ್ಟು ಜನ ನೀರು ಕುಡಿದರೋ ದೇವರೇ ಬಲ್ಲ, ಜಲ್ಲಡಿ ಹಿಡಿದವರು ಮಾತ್ರ ಬರೀ ನೀರು ಕುಡಿದು ಮಲಗಿದ್ದು ನಿಜ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಯಾರ್ಡಿನ ಗೇಟಿಗೆ ಬೀಗ, ಬೀಗದ ಮೇಲೆ ಚೀಟಿ. ಚೀಟಿ ಓದಿ ಹೇಳಲು ಕಾವಲುಗಾರನೂ ಇರಲಿಲ್ಲ.

ಗೋವಾದಲ್ಲಿ ಅದಿರಿನ ಕೆಲಸ ಇನ್ನೂ ನಡೆದಿದೆ ಎಂದು ಗುತ್ತಿಗೆದಾರನೊಬ್ಬ ಹದಿನಾಲ್ಕು ಜನರನ್ನು ಕರೆದುಕೊಂಡು ಹೋದ. ಬಳ್ಳಾರಿ ರೈಲು ನಿಲ್ದಾಣದಲ್ಲಿ ಸುಂಕಲಮ್ಮ ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ ಕಟ್ಟಿಕೊಟ್ಟಳು. ಎರಡು ತಿಂಗಳು ಫೋನ್ ಬಂತು. ಮೂರನೆಯ ತಿಂಗಳು ಅಲ್ಲಿಯೂ ತನಿಖೆ, ಅಲ್ಲಿಯೂ ಬೀಗ. ಹದಿಮೂರು ಜನ ತಿರುಗಿ ಬಂದರು. ಉಚ್ಚೆಂಗೆಪ್ಪ ರತ್ನಾಗಿರಿ ಕಡೆ ಕೆಲಸ ಹುಡುಕಿಕೊಂಡು ಹೋದನೆಂದು ಅವರು ಹೇಳಿದರು, ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ಪೊಲೀಸರಿಗೆ ದೂರು ಕೊಡು ಎಂದು ಅಣ್ಣತಮ್ಮಂದಿರು ಹೇಳಿದರೆ ಸುಂಕಲಮ್ಮ ಸಿಡಿದು ಬಿದ್ದಳು. ಕೆಲಸಕ್ಕೆ ಹೋದವನನ್ನು ಕಾಣೆಯಾದವನೆಂದು ಬರೆಸುವುದು ಹೇಗೆ? ಬರೆಸಲಿಲ್ಲ. ಆಕೆ ಮಾಡಿದ ಮೊದಲ ತಪ್ಪು ಅದು.

ಎರಡನೆಯ ತಪ್ಪನ್ನು ಆಕೆ ವರ್ಷವರ್ಷವೂ ಮಾಡಿದಳು. ಹೊಟ್ಟೆಪಾಡಿಗೆ ಸಿರುಗುಪ್ಪಕ್ಕೆ ಬಂದು ಗಿರಣಿ ಸೇರಿದ್ದರೂ, ಗಂಡನ ಹೆಸರು ಎಲ್ಲೆಲ್ಲಿ ಬರೆದಿತ್ತೋ ಅಲ್ಲೆಲ್ಲ ಅದು ಅಳಿಯದ ಹಾಗೆ ಕಾಯ್ದಳು. ಮತದಾರರ ಪಟ್ಟಿಯವರು ಬಂದರೆ ಅವರ ಹಿಂದೆಯೇ ಹಳ್ಳಿಗೆ ಓಡಿ “ಅದಾರ್ರಿ, ಕೆಲಸಕ್ಕ ಹೋಗ್ಯಾರ” ಎನ್ನುತ್ತಿದ್ದಳು. ಮಗಳ ಮದುವೆಯ ಕಾರ್ಡಿನಲ್ಲಿ ತಂದೆಯ ಹೆಸರಿನ ಹಿಂದೆ ‘ದಿವಂಗತ’ ಬೇಡ, ‘ಶ್ರೀ’ ಮಾತ್ರ ಇರಬೇಕೆಂದು ಪ್ರೆಸ್ಸಿನವನ ಎದುರು ಅರ್ಧ ದಿನ ಕೂತಿದ್ದಳು. ಉದ್ಯೋಗ ಖಾತ್ರಿಯ ಜಾಬ್ ಕಾರ್ಡಿನಿಂದ ಊರಲ್ಲಿಲ್ಲದವರ ಹೆಸರು ತೆಗೆಯುತ್ತಾರೆಂಬ ಸುದ್ದಿ ಬಂದಾಗ ದುರ್ಗೇಶನ ಮನೆಗೆ ಹೋದಳು. ದುರ್ಗೇಶ ಭಾವನ ಮಗ, ಖಾತ್ರಿ ಕೆಲಸದಲ್ಲಿ ಕೂಲಿಗಳ ಹಾಜರಿ ಹಾಕುವ ಮೇಟಿ. “ನಿಮ್ಮ ಕಾಕಾನ ಹೆಸರು ಉಳಿಸಪ್ಪಾ” ಎಂದು ಗಂಡನ ಆಧಾರ್ ಕಾರ್ಡು, ಫೋಟೊ ಎಲ್ಲ ಕೊಟ್ಟಳು. “ನೀನೇನೂ ಚಿಂತಿ ಮಾಡಬ್ಯಾಡ ಚಿಗವ್ವಾ, ಹೆಸರು ಉಳೀತೈತಿ” ಎಂದ ದುರ್ಗೇಶ. ಆ ಮಾತಿಗೆ ಮಾತ್ರ ಅವನು ತಪ್ಪಲಿಲ್ಲ. ಅವನ ಉಪಕಾರಕ್ಕೆಂದು ಆಕೆ ಪ್ರತಿ ಸುಗ್ಗಿಗೆ ಒಂದು ಸೇರು ಸೋನಾ ಅಕ್ಕಿ ಕೊಟ್ಟು ಬರುತ್ತಿದ್ದಳು.

ಬಳ್ಳಾರಿಯಲ್ಲಿ ಎರಡನೆಯ ತನಿಖೆ ಹೋದ ವರ್ಷ ಶುರುವಾಯಿತು, ಈ ಸಲ ಉದ್ಯೋಗ ಖಾತ್ರಿಯದು. ಸತ್ತವರೂ ಊರು ಬಿಟ್ಟವರೂ ಕಾಲುವೆ ಹೂಳೆತ್ತಿ ಕೂಲಿ ಪಡೆದಿದ್ದಾರೆಂದು ಪೇಪರಿನಲ್ಲಿ ಬಂತು. ಒಂದು ಪಕ್ಷದವರು ಬಳ್ಳಾರಿಯಲ್ಲಿ ಧರಣಿ ಕೂತರು, ನಿಮ್ಮ ಕಾಲದಲ್ಲೇ ಶುರುವಾದದ್ದು ಎಂದು ಇನ್ನೊಂದು ಪಕ್ಷದವರು ಎದುರಿಗೆ ಕೂತರು, ಬೆಂಗಳೂರಿನಿಂದ ‘ತಪ್ಪಿತಸ್ಥರು ಯಾರೇ ಆಗಿರಲಿ’ ಎಂಬ ಹಳೇ ಹೇಳಿಕೆ ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಯವರೇ ಸೇರಿ ಒಂದು ಸಮಿತಿ ಮಾಡುತ್ತಾರೆ. ಆದರೂ ಅದರಲ್ಲೊಬ್ಬಳು ನಿಯತ್ತಿನ ಹುಡುಗಿ ಇದ್ದಳು. ರಶ್ಮಿ ಅಂತ, ಮನೆಮನೆಗೆ ಹೋಗಿ ಪಟ್ಟಿ ತಾಳೆ ನೋಡುವ ಕೆಲಸ ಆಕೆಯದು. ಹಳ್ಳಿಯಲ್ಲಿ ಕೇಳಿ, ಸಿರುಗುಪ್ಪದ ಗಿರಣಿಯವರೆಗೂ ಬಂದಳು.

“ಉಚ್ಚೆಂಗೆಪ್ಪ ನಿಮ್ಮ ಯಜಮಾನ್ರಾ ಅಮ್ಮಾ?”

ಸುಂಕಲಮ್ಮ ಮೊರ ಕೆಳಗಿಟ್ಟು ತಲೆಯಾಡಿಸಿದಳು.

“ಹೋದ ವರ್ಷ ತೊಂಬತ್ತಾರು ದಿನ ಕೆಲಸ ಮಾಡ್ಯಾರ ಅಂತ ಐತಿ. ಅದರ ಹಿಂದಿನ ವರ್ಷ ನೂರು ದಿನ. ನಿಮಗ ಗೊತ್ತೈತೇನ್ರಿ?”

ಗಿರಣಿಯ ಸದ್ದಿನಲ್ಲಿ ಸುಂಕಲಮ್ಮ ಎರಡು ಸಲ ಕೇಳಿಸಿಕೊಂಡಳು. “ಎಲ್ಲಿ?” ಎಂದಳು.

“ನಿಮ್ಮೂರಾಗ. ಕಾಲುವಿ ಕೆಲಸ.”

ರಶ್ಮಿ ಬಂದದ್ದು ‘ಬೋಗಸ್’ ಎಂದು ಬರೆದುಕೊಳ್ಳಲು. ಆ ಹೆಂಗಸಿನ ಮುಖ ನೋಡಿ ಪೆನ್ನು ಹಾಗೇ ನಿಂತಿತು. ಸುಂಕಲಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು, ತಲೆಗೂದಲಿನ ತೌಡು ಕೊಡವಿದಳು. “ಬಂದಾರೇನು ಹಂಗಾದ್ರ? ಊರಿಗಿ ಬಂದಾರ? ನನಗ ಮುಖ ತೋರ್ಸಾಕ ನಾಚಿಗಿ ಆಗೈತೇನೋ ಪಾಪ, ಕೈ ಖಾಲಿ ಬಂದಾರಂತ” ಎಂದು ಒಂದೇ ಉಸಿರಿಗೆ ಅಂದಳು. ರಶ್ಮಿ ಪೆನ್ನು ಮುಚ್ಚಿಟ್ಟಳು. ಹಾಜರಿಗೆಂದು ಕೆಲಸದ ಜಾಗದಲ್ಲಿ ಹೊಡೆದ ಗುಂಪಿನ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದಳು. ಹನ್ನೆರಡು ಜನ ಸಾಲಾಗಿ ನಿಂತಿದ್ದರು. ಕೊನೆಯಲ್ಲಿ ಒಬ್ಬನ ಮುಖ ಅರ್ಧ ಅತ್ತ ತಿರುಗಿತ್ತು. ತಲೆಗೆ ಟವೆಲ್ ಸುತ್ತಿತ್ತು. ಎಡಗಿವಿ ಹೊರಗಿತ್ತು.

“ಇವ್ರ” ಎಂದಳು ಸುಂಕಲಮ್ಮ.

ಹಳ್ಳಿಯಲ್ಲಿ ಇನ್ನು ಎಂಟು ದಿನಕ್ಕೆ ಗ್ರಾಮಸಭೆ, ಅಲ್ಲಿ ಎಲ್ಲರ ಎದುರು ಒಂದೊಂದೇ ಹೆಸರು ಓದುತ್ತೇವೆ, ಬಂದು ನಿಮಗೆ ಗೊತ್ತಿದ್ದದ್ದು ಹೇಳಿ ಎಂದಷ್ಟೇ ಹೇಳಿ ರಶ್ಮಿ ಹೋದಳು.

ಆ ಸಂಜೆಯೇ ಸುಂಕಲಮ್ಮ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದ ಮಗಳಿಗೆ ಫೋನ್ ಮಾಡಿದಳು. ಜಯಶ್ರೀ ಎಲ್ಲ ಕೇಳಿಸಿಕೊಂಡಳು. “ಅವ್ವಾ, ಅದು ಕಳ್ಳ ಹಾಜರಿ ಇರ್ತೈತಿ. ಆಸಿ ಇಟ್ಕೋಬ್ಯಾಡ” ಎಂದಳು. “ಅಪ್ಪನ್ನ ಕಳ್ಳ ಅಂತೀಯೇನ?” ಎಂದು ಸುಂಕಲಮ್ಮ ಫೋನ್ ಇಟ್ಟುಬಿಟ್ಟಳು. ಮಗಳು ಹೇಳಿದ್ದು ಆಕೆಗೆ ಅರ್ಥವಾಗಿರಲಿಲ್ಲ ಅಂತಲ್ಲ, ಆದರೆ ಎಡಗಿವಿಯನ್ನು ಕಣ್ಣಾರೆ ನೋಡಿದ್ದಳಲ್ಲ.

ಮರುದಿನ ದುರ್ಗೇಶನೇ ಬೈಕಿನ ಮೇಲೆ ಬಂದ. ಬಾಗಿಲಲ್ಲೇ ಕೂತು ನೀರು ಕೇಳಿದ. ಅವನ ಮುಖ ಇಳಿದಿತ್ತು.

“ಚಿಗವ್ವಾ, ಸಭಾದಾಗ ನಿನ್ನ ಕೇಳ್ತಾರ. ಬಂದಿದ್ರು, ಕೆಲಸ ಮಾಡಿದ್ರು, ಮತ್ತ ಹೋದ್ರು ಅಂತ ಹೇಳಿಬಿಡು. ಅಷ್ಟ ಸಾಕು. ಉಳದೋರ ಮನಿಯೋರೆಲ್ಲ ಒಪ್ಯಾರ.”

“ಎಲ್ಲಿ ಅದಾರೋ?”

“ಅದು ಯಾಕ ನಿಂಗ? ನೀ ಹೌದಂದ್ರ ಕಾಕಾನ ಹೆಸರು ಉಳೀತೈತಿ. ಇಲ್ಲಂದ್ರ ಜಾಬ್ ಕಾರ್ಡ್, ಓಟು, ಎಲ್ಲಾದ್ರಾಗೂ ಹೊಡದು ಹಾಕ್ತಾರ ನೋಡು. ಇಷ್ಟು ವರ್ಷ ಕಾಯ್ದಿದ್ದು ಹೊಳ್ಯಾಗ ಹೋಕ್ಕೈತಿ.”

“ಹೌದಂತೀನಿ. ಎಲ್ಲದಾರ ಹೇಳು.”

ದುರ್ಗೇಶ ಲೋಟ ಕೆಳಗಿಟ್ಟು, ಕಣ್ಣು ತಪ್ಪಿಸಿ ಎದ್ದು ಹೋದ. ಹೇಳಲೊಲ್ಲದವನು ಅಡಗಿಸಿಟ್ಟಿದ್ದಾನೆ ಅಂತಲೇ ಆಕೆ ತಿಳಿದಳು. ಆಸೆಗೆ ಕಣ್ಣಿಲ್ಲ ನೋಡಿ.

ಮೂರನೆಯ ದಿನ ಗಿರಣಿಗೆ ರಜೆ ಹಾಕಿದಳು. ಹಸಿರು ಗಾಜಿನ ಬಳೆ ಇಡಿಸಿಕೊಂಡಳು, ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ ತುಂಬಿ, ಬಸ್ ನಿಲ್ದಾಣದಲ್ಲಿ ನಾಲ್ಕು ಬಿಸಿ ಮಿರ್ಚಿ ಕಟ್ಟಿಸಿದಳು. ಫೋಟೊದಲ್ಲಿ ಆ ಗಂಡಸಿನ ಪಕ್ಕ ನಿಂತಿದ್ದ ಹೊನ್ನೂರಮ್ಮ ಆಕೆಗೆ ಪರಿಚಯದವಳೇ. ಹಳ್ಳಿಯಲ್ಲಿ ಬಸ್ಸಿಳಿದು ಹೊನ್ನೂರಮ್ಮನ ಮನೆಗೆ ಹೋಗಿ, ನಿನ್ನ ಪಕ್ಕಕ್ಕೆ ಟವೆಲ್ ಸುತ್ತಿಕೊಂಡು ನಿಂತಿದ್ದವರು ಎಲ್ಲಿದ್ದಾರೆ ಎಂದು ಕೇಳಿದಳು. ಹೆಸರು ಹೇಳಲಿಲ್ಲ, ಹೇಳುವ ಹಾಗಿರಲಿಲ್ಲ. ಹೊನ್ನೂರಮ್ಮನಿಗೆ ಸುಂಕಲಮ್ಮ ಯಾರ ಹೆಂಡತಿ ಎಂಬುದು ಆ ಗಳಿಗೆಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಹಾಗೆ ಕರೆಯುತ್ತಿರಲಿಲ್ಲ, ಪಾಪ, ಕೆಟ್ಟವಳಲ್ಲ ಆಕೆ.

ಕಾಲುವೆಯ ಕಡೆಗಿನ ಓಣಿಯಲ್ಲಿ ಒಂದು ಜೋಪಡಿ. ಹೊನ್ನೂರಮ್ಮ ಹೊರಗೇ ನಿಂತು, ದಿನಾ ತಮಾಷೆ ಮಾಡುವ ದನಿಯಲ್ಲಿ ಕೂಗಿದಳು. “ಏ ಉಚ್ಚೆಂಗೆಪ್ಪಾ, ಅದೀಯೇನ?”

“ಅದೀನಿ, ಅದೀನಿ, ಬಂದೆ” ಎಂದು ಒಳಗಿನಿಂದ ಗಂಡು ದನಿ ಬಂತು.

ಸುಂಕಲಮ್ಮ ಡಬ್ಬಿಯನ್ನು ಎದೆಗೊತ್ತಿಕೊಂಡಳು. ಕದದ ಹಲಗೆ ಸರಿಸಿ, ಬಗ್ಗಿ ಹೊರಗೆ ಬಂದವನು ಒಬ್ಬ ಮುದುಕ. ಬೊಚ್ಚುಬಾಯಿ, ಒಂದು ಕಣ್ಣಿಗೆ ಪೊರೆ. ತಲೆಗೆ ಟವೆಲ್ ಸುತ್ತಿದ್ದ, ಎಡಗಿವಿಯ ಹಿಂದೆ ಬಹುದಿನದಿಂದ ಮಾಯದ ಗಾಯಕ್ಕೆ ಔಷಧಿ ಹಚ್ಚಿಕೊಂಡಿದ್ದ, ಅದಕ್ಕೇ ಟವೆಲ್ ತಾಕದಂತೆ ಕಿವಿ ಹೊರಗೆ ಬಿಟ್ಟಿದ್ದ.

ಆಕೆ ನೆಲಕ್ಕೆ ಕೂತುಬಿಟ್ಟಳು.

ಮುದುಕನ ಹೆಸರು ಎರ್ರಿ. ಆಂಧ್ರದ ಆಲೂರು ಕಡೆಯವನು, ಮಗಳ ಮನೆಗೆ ಬಂದು ನಾಲ್ಕು ವರ್ಷ. ಇಲ್ಲಿಯ ಕಾಗದಪತ್ರ ಒಂದೂ ಇಲ್ಲ, ಕಾರ್ಡಿಲ್ಲದೆ ಕೆಲಸವಿಲ್ಲ. ದುರ್ಗೇಶ ಕಾರ್ಡೊಂದನ್ನು ತೋರಿಸಿ, ಈ ಹೆಸರು ಕೂಗಿದಾಗ ‘ಅದೀನಿ’ ಅನ್ನು, ಬಂದ ಕೂಲಿಯಲ್ಲಿ ಅರ್ಧ ನಿನಗೆ ಎಂದಿದ್ದ. ಸುಂಕಲಮ್ಮ ಯಾರೆಂದು ತಿಳಿದ ಮೇಲೆ ಎರ್ರಿ ಕೈ ಮುಗಿದು ನಿಂತ.

“ಯಾರ್ದೋ ಸತ್ತೋರ ಹೆಸರು ಅಂದಿದ್ದ ಅಮ್ಮಾ. ಹೆಂಡ್ತಿ ಕಾಯ್ಕೊಂಡು ಕುಂತಾಳಂತ ಹೇಳಿರ್ಲಿಲ್ಲ. ಮೂರು ವರ್ಷ ನಿನ್ನ ಗಂಡನ ಹೆಸರಿನ ಮ್ಯಾಗ ಗಂಜಿ ಕುಡ್ದೀನಿ. ಈಗ ಯಾರರ ಎರ್ರಿ ಅಂದ್ರ ನಾ ತಿರುಗಿ ನೋಡಂಗಿಲ್ಲ, ಆ ಹೆಸರಿಗೇ ತಿರುಗ್ತೀನಿ. ತಪ್ಪಾತು.”

ಸುಂಕಲಮ್ಮನ ಕೋಪ ಯಾರಿಗೆ ಗೊತ್ತಿಲ್ಲ? ಆದರೆ ಅಂದು ಕೋಪ ಬರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟಳು. “ಮಿರ್ಚಿ ಆರ್ಯಾವ, ತಿನ್ನು” ಎಂದಳು. ಹಲ್ಲಿಲ್ಲದ ಮುದುಕ ಮಿರ್ಚಿ ಮುರಿದು ಬಾಯಿಗಿಟ್ಟುಕೊಂಡು ಅತ್ತ. ಆಕೆ ಅಳಲಿಲ್ಲ, ಡಬ್ಬಿಯನ್ನೂ ಅಲ್ಲೇ ಬಿಟ್ಟು ಬಂದಳು.

ಮುಂದಿನ ಐದು ದಿನ ಗಿರಣಿಯ ಹೆಂಗಸರು ಆಕೆಯನ್ನು ಮಾತಾಡಿಸಲಿಲ್ಲ, ಮಾತಾಡಿಸಿದರೂ ಆಕೆಗೆ ಕೇಳುತ್ತಿರಲಿಲ್ಲ. ಹೌದೆಂದರೆ ಗಂಡನ ಹೆಸರು ಸರ್ಕಾರದ ಕಾಗದದಲ್ಲಿ ಉಳಿಯುತ್ತದೆ. ಇಲ್ಲವೆಂದರೆ ಅಳಿಯುತ್ತದೆ, ಅದೂ ತನ್ನ ಬಾಯಿಂದಲೇ. ಹದಿಮೂರು ವರ್ಷ ಯಾವ ಮಾತನ್ನು ಹಲ್ಲು ಕಚ್ಚಿ ಹಿಡಿದಿದ್ದಳೋ ಅದನ್ನು ಊರ ಮುಂದೆ ಆಡಬೇಕು. ಹಾಳಾದ ಕಳ್ಳರು, ಕದಿಯಲು ಬೇರೆ ಹೆಸರೇ ಸಿಗಲಿಲ್ಲವೇ ಇವರಿಗೆ? ಸಿಕ್ಕಿತ್ತು, ಆದರೆ ಎಷ್ಟೋ ಹೆಸರುಗಳನ್ನು ಮನೆಯವರೇ ತೆಗೆಸಿಹಾಕಿದ್ದರು. ಈಕೆ ಉಳಿಸಿಕೊಂಡಿದ್ದಳು, ಅದಕ್ಕೇ ಕದ್ದರು.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ. ಮೇಜಿನ ಹಿಂದೆ ಅಧಿಕಾರಿಗಳು, ಮೈಕಿನ ಮುಂದೆ ರಶ್ಮಿ. ಹೆಸರು ಓದಿದ ಕೂಡಲೇ ಆ ಮನೆಯವರು ಎದ್ದು ‘ಹೌದ್ರಿ’ ಎನ್ನುತ್ತಿದ್ದರು. ಸತ್ತು ಮೂರು ವರ್ಷವಾದ ಅಪ್ಪನಿಗೂ ಒಬ್ಬ ಮಗ ‘ಹೌದ್ರಿ, ಮಾಡ್ಯಾರ’ ಎಂದ. ಜನ ಕಿಸಕ್ಕನೆ ನಕ್ಕರು, ಅಧಿಕಾರಿಯೊಬ್ಬರು ಗೀಟು ಹಾಕಿಕೊಂಡರು. ಎಲ್ಲರ ಕಣ್ಣಿಗೂ ಮಣ್ಣೆರಚಿ ಸಭೆ ಸುಸೂತ್ರವಾಗಿ ಸಾಗಿತ್ತು. ದುರ್ಗೇಶ ಕಂಬಕ್ಕೊರಗಿ ಚಹಾ ಕುಡಿಯುತ್ತಿದ್ದ. ಎರ್ರಿ ಕಾಂಪೌಂಡಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

“ಉಚ್ಚೆಂಗೆಪ್ಪ” ಎಂದು ರಶ್ಮಿ ಓದಿದಳು.

ಯಾರೂ ಏಳಲಿಲ್ಲ. ರೂಢಿಯಂತೆ ಎರ್ರಿಯ ಬಾಯಿ ತೆರೆಯಿತು, ಅವನು ಟವೆಲಿನಿಂದ ಮುಚ್ಚಿಕೊಂಡ.

“ಉಚ್ಚೆಂಗೆಪ್ಪ” ಎಂದು ಎರಡನೆಯ ಸಲ. ದುರ್ಗೇಶ ಕತ್ತು ಹೊರಳಿಸಿ ಚಿಗವ್ವನನ್ನು ನೋಡಿದ. “ಅವರ ಮನಿಯೋರೇ ಬಂದಾರ ಮೇಡಂ, ಕೇಳ್ರಿ. ಹೌದಂತಾರ” ಎಂದ.

“ಉಚ್ಚೆಂಗೆಪ್ಪ.”

ಮೂರನೆಯ ಕೂಗಿಗೆ ಸುಂಕಲಮ್ಮ ಎದ್ದಳು. ಹೆಂಗಸರ ಸಾಲಿನಿಂದ ಮುಂದೆ ಬಂದು ಮೈಕಿನ ಹತ್ತಿರ ನಿಂತಳು. ಸೆರಗು ತಲೆಯ ಮೇಲಿತ್ತು, ಕೈಯಲ್ಲಿ ಹಸಿರು ಬಳೆಗಳಿದ್ದವು. ಮಾತಾಡುವ ಮೊದಲು ಒಮ್ಮೆ ಕಣ್ಣು ಮುಚ್ಚಿದಳು.

“ಉಚ್ಚೆಂಗೆಪ್ಪ ಇಲ್ರಿ” ಎಂದಳು.

ಹೆಂಗಸರ ಸಾಲಿನಲ್ಲಿ ಯಾರೋ ‘ಅಯ್ಯ’ ಎಂದರು. ಆಕೆಯ ಬಾಯಲ್ಲಿ ಆ ಹೆಸರನ್ನು ಕೇಳಿದ ನಾದಿನಿಯರಿಬ್ಬರು ಅಲ್ಲೇ ಕೂತಿದ್ದರು, ಇಪ್ಪತ್ತೇಳು ವರ್ಷದ ಹಿಂದೆ ಬಾಗಿಲಿಗೆ ಅಡ್ಡ ನಿಂತವರೇ.

“ಹದಿಮೂರು ವರ್ಷ ಆತ್ರಿ ಹೋಗಿ. ಉಚ್ಚೆಂಗೆಪ್ಪ ಬಂದಿಲ್ಲ. ಕಾಲುವಿ ಕೆಲಸಕ್ಕೂ ಬಂದಿಲ್ಲ, ಮನಿಗೂ ಬಂದಿಲ್ಲ.” ಆಮೇಲೆ ದುರ್ಗೇಶನ ಕಡೆ ತಿರುಗಿದಳು. “ನಾ ಹೆಸರು ಉಳಿಸ್ಕೊಂಡಿದ್ದು ಅವ್ರು ಬಂದ್ರ ಕೂಡಾಕ ಒಂದು ಜಾಗ ಇರ್ಲಿ ಅಂತ. ನೀ ಅಲ್ಲಿ ಬ್ಯಾರೆಯವನ್ನ ಕೂಡ್ಸಿದ್ಯಪ್ಪಾ. ಈಗ ಅವ್ರು ಬಂದ್ರೂ ಎಲ್ಲಿ ಕೂಡ್ಬೇಕು?”

ದುರ್ಗೇಶ ಚಹಾದ ಲೋಟ ನೋಡುತ್ತ ನಿಂತ. ಆಕೆಯ ಹಿಂದೆಯೇ ಒಬ್ಬಳು ಎದ್ದು ತನ್ನ ಅತ್ತೆ ಸತ್ತು ಎರಡು ವರ್ಷವಾಯಿತೆಂದಳು. ಮತ್ತೊಬ್ಬ ಎದ್ದ. ಅಪ್ಪನಿಗೆ ‘ಹೌದ್ರಿ’ ಎಂದಿದ್ದ ಮಗನೂ ತಲೆತಗ್ಗಿಸಿ ಎದ್ದ. ಸಂಜೆಯ ಹೊತ್ತಿಗೆ ಮೂವತ್ತೊಂದು ಹೆಸರು ಸುಳ್ಳೆಂದು ಬರೆದಾಯಿತು. ರಶ್ಮಿ ಸುಂಕಲಮ್ಮನಿಂದ ರುಜು ಹಾಕಿಸಿಕೊಂಡು ಆಕೆಯ ಕೈ ಹಿಡಿದುಕೊಂಡಳು.

ಆಮೇಲೆ? ಆಮೇಲೆ ಏನಾಗುತ್ತದೋ ಅದೇ ಆಯಿತು. ವರದಿ ಬಳ್ಳಾರಿಗೆ ಹೋಯಿತು, ಬಳ್ಳಾರಿಯಿಂದ ಮೇಲಕ್ಕೆ ಹೋಯಿತು, ಮೇಲೆ ಎಲ್ಲೋ ಕೂತಿತು. ದುರ್ಗೇಶನನ್ನು ಮೇಟಿ ಕೆಲಸದಿಂದ ತೆಗೆದರು, ಅದು ಅವನ ಹೆಂಡತಿಗೆ ಸಿಕ್ಕಿತು. ಅವನ ಮೇಲೆ ಯಾರ ಕೈಯಿತ್ತೋ ಅವರ ಹೆಸರು ಯಾವ ಪಟ್ಟಿಯಲ್ಲೂ ಬರಲಿಲ್ಲ. ರಶ್ಮಿಯನ್ನು ಬೇರೆ ತಾಲ್ಲೂಕಿಗೆ ಹಾಕಿದರು. ಎರ್ರಿ ಮಗಳಿಗೂ ಹೇಳದೆ ಆಲೂರು ಕಡೆ ಹೋದನಂತೆ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನೋಣವೆಂದರೆ ಇಲಿಯೂ ಸಿಕ್ಕಲಿಲ್ಲ. ಚಾಚೂ ತಪ್ಪದೆ ಜಾರಿಯಾದದ್ದು ಒಂದೇ ಆದೇಶ: ಉಚ್ಚೆಂಗೆಪ್ಪನ ಹೆಸರು ಹೊಡೆದು ಹಾಕಿದ್ದು.

ಒಂದು ಕಡೆ ಹೊಡೆದು ಹಾಕಿದ ಮೇಲೆ ಉಳಿದ ಕಡೆಯವರೂ ಸುಂಕಲಮ್ಮನನ್ನು ಕರೆಸತೊಡಗಿದರು. ಮತದಾರರ ಪಟ್ಟಿಯವರು ಒಂದು ಅರ್ಜಿ, ಪಂಚಾಯ್ತಿಯವರು ಒಂದು ಅರ್ಜಿ. ವಿಚಾರಣೆಗೆಂದು ಬಳ್ಳಾರಿಗೂ ಮೂರು ಸಲ ಹೋಗಿಬಂದಳು. ಮೊದಲ ಸಲ ಜಯಶ್ರೀ ಜೊತೆಗೆ ಬಂದು, ತಾಯಿಯ ಬದಲು ತಾನೇ ಹೆಸರು ಹೇಳಲು ಬಾಯಿ ತೆರೆದಳು. ಸುಂಕಲಮ್ಮ ಮಗಳ ತೋಳು ಮುಟ್ಟಿ ಸುಮ್ಮನಿರಿಸಿದಳು. ಹೋಗಬೇಕಾದ ಆಯುಷ್ಯ ಸಭೆಯ ದಿನವೇ ಹೋಯಿತೆಂದು ಆಕೆ ತಿಳಿದಿದ್ದಳು, ಇನ್ನು ಎಷ್ಟು ಸಲ ಹೇಳಿದರೇನು?

ಕಿಟಕಿಯ ಆಚೆಯ ಗುಮಾಸ್ತ ತಲೆಯೆತ್ತದೆ ಕೇಳಿದ. “ತೆಗೆಯಬೇಕಾದ ಹೆಸರು?”

“ಉಚ್ಚೆಂಗೆಪ್ಪ.”

“ಜೋರಾಗಿ ಹೇಳಮ್ಮಾ.”

“ಉಚ್ಚೆಂಗೆಪ್ಪ” ಎಂದಳು ಸುಂಕಲಮ್ಮ, ಸರದಿಯಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. “ನನ್ನ ಗಂಡ.”